ಚೀಟಿ ನೋಡಿ ಕೊಳ್ಳು, ಮೊಳಕೆ ನೋಡಿ ಬಿತ್ತು

ಮೊನ್ನೆ ಕಂಪ್ಲಿಗೆ, ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ದಾಗ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. ಹೊಸಪೇಟೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸು.

"ಮಾಮಾ, ಎರಡು ತಿಂಗಳ ಆನ್‌ಲೈನ್ ಕೋರ್ಸು, ಜೊತೆಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟು. ಆರು ಸಾವಿರ. ನಾಳೆ ಸಂಜೆಯೊಳಗೆ ಕಟ್ಟಿದ್ರೆ ನಾಲ್ಕೂವರೆ. ಕಟ್ಲಾ?"

"ಈಗ ಎಷ್ಟು ಸರ್ಟಿಫಿಕೇಟ್ ಇದಾವೆ ನಿನ್ ಹತ್ರ?" ಅಂದೆ. ತೋರಿಸಿದ. ಇಪ್ಪತ್ತಮೂರು ಪಿಡಿಎಫ್! ಎಲ್ಲಕ್ಕೂ ಬಂಗಾರದ ಬಣ್ಣದ ಅಂಚು, ಕೆಳಗೆ ಎರಡೆರಡು ಸಹಿ. ಒಂದನ್ನು ತೆಗೆದು, "ಇದರಲ್ಲಿ ಏನು ಕಲಿತೆ?" ಅಂದೆ. ನಕ್ಕುಬಿಟ್ಟ. "ವಿಡಿಯೋ ಓಡೋಕೆ ಬಿಟ್ಟು ಊಟಕ್ಕೆ ಹೋಗಿದ್ದೆ ಮಾಮಾ."

ಬೈಯುವುದು ಸುಲಭ. ನಾನೂ ಒಂದು ಕಾಲದಲ್ಲಿ ದುಡ್ಡು ಕಟ್ಟಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಲ್ಯಾಮಿನೇಶನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟವನೇ. ಅದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ :-) ಆದರೆ ಹುಡುಗನ ಚಿಂತೆ ಸುಳ್ಳಲ್ಲ. "ಬೆಂಗಳೂರಿನ ಹುಡುಗರ ರೆಸ್ಯೂಮ್ ಇಷ್ಟುದ್ದ ಇರ್ತದೆ. ನಾವೇನು ತೋರಿಸಬೇಕು?" ಅಂತ ಕೇಳಿದ. ಇತ್ತ ಆ ನಾಲ್ಕೂವರೆ ಸಾವಿರ ಬರಬೇಕಾದದ್ದು ಭಾವನ ಭತ್ತದ ದುಡ್ಡಿನಿಂದ.

ಸರ್ಟಿಫಿಕೇಟ್ ಅಂದ್ರೆ ಬರೀ ಕಾಗದ ಅಂತ ನಾನು ಹೇಳುವುದಿಲ್ಲ. ನಮ್ಮ ಸುತ್ತಮುತ್ತಲೇ ನೋಡಿ. ಸಂಡೂರಿನ ಗಣಿಗಳಲ್ಲಿ ಮೇಟ್, ಫೋರ್‌ಮನ್, ಬ್ಲಾಸ್ಟರ್ ಆಗಬೇಕಾದರೆ ಡಿಜಿಎಂಎಸ್, ಅಂದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸರ್ಟಿಫಿಕೇಟ್ ಬೇಕೇಬೇಕು. ಅದಕ್ಕೆ ಗಣಿಯಲ್ಲಿ ದುಡಿದ ಅನುಭವ ತೋರಿಸಬೇಕು, ಪರೀಕ್ಷೆ ಎದುರಿಸಬೇಕು. ಕಲಿಯದವನ ಕೈಗೆ ಸ್ಫೋಟಕ ಕೊಟ್ಟರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆ ಕಾಗದಕ್ಕೆ ಬೆಲೆ ಇದೆ.

ಹಂಪಿಗೆ ಬನ್ನಿ. ಗೈಡ್‌ಗಳ ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುತ್ತೆ. ಪ್ರವಾಸಿ ನಂಬಿ ಜೊತೆಗೆ ಹೆಜ್ಜೆ ಹಾಕಲು ಅದು ಬೇಕು. ಆದರೆ ವಿಠ್ಠಲ ದೇವಸ್ಥಾನ ಮುಟ್ಟುವಷ್ಟರಲ್ಲಿ ಪ್ರವಾಸಿಗೆ ಚೀಟಿ ಮರೆತುಹೋಗಿರುತ್ತೆ. ಆಮೇಲೆ ಏನಿದ್ದರೂ ಗೈಡಿನ ತಿಳಿವಳಿಕೆ, ಮಾತು. ಮುಂದಿನ ಸಲ ತನ್ನ ಸ್ನೇಹಿತರಿಗೆ ಅವನ ನಂಬರ್ ಕೊಡುವುದು ಅದನ್ನು ನೋಡಿಯೇ.

ಅಂದರೆ ಕಾಗದದ ಹಿಂದೆ ಯಾರಾದರೂ ನಿಮ್ಮನ್ನು ನಿಜವಾಗಿ ಪರೀಕ್ಷೆ ಮಾಡಿರಬೇಕು. ಆನ್‌ಲೈನ್ ಕೋರ್ಸಿಗೂ ನಾನು ಹಿಡಿಯುವುದು ಇದೇ ಅಳತೆ.

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟೆಲ್ ತಗೊಳ್ಳಿ. ಪಾಠ ಪೂರ್ತಿ ಉಚಿತ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಸುಮಾರು ಸಾವಿರ ರೂಪಾಯಿ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನ ಉತ್ತರ ಯೂಟ್ಯೂಬಿನಲ್ಲಿ ಸಿಗುತ್ತೆ ನಿಜ, ಆದರೆ ಪರೀಕ್ಷಾ ಕೋಣೆಯೊಳಗೆ ಯೂಟ್ಯೂಬ್ ಬರುವುದಿಲ್ಲ! ಸ್ವಯಂ ಪೋರ್ಟಲ್‌ನ ಕೋರ್ಸುಗಳ ಕ್ರೆಡಿಟ್ಟನ್ನು ಡಿಗ್ರಿಗೆ ಸೇರಿಸಿಕೊಳ್ಳಲು ಯುಜಿಸಿ 2016ರಲ್ಲಿ ಶೇಕಡಾ 20ರವರೆಗೆ ಅವಕಾಶ ಕೊಟ್ಟಿತ್ತು, 2021ರಲ್ಲಿ ಅದನ್ನು 40ಕ್ಕೆ ಏರಿಸಿತು. ಆದರೆ ಸೇರುವ ಮೊದಲು ನಿಮ್ಮ ಕಾಲೇಜು ಒಪ್ಪುತ್ತಾ ಅಂತ ಕೇಳಿಕೊಳ್ಳಿ.

ಉಚಿತ ಪಾಠ ಅಂದಮಾತ್ರಕ್ಕೆ ಎಲ್ಲರೂ ಕಲಿಯುತ್ತಾರಾ? ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 2017-18ರಲ್ಲಿ ಹೆಸರು ಬರೆಸಿದ ನೂರು ಮಂದಿಯಲ್ಲಿ ಕೋರ್ಸ್ ಮುಗಿಸಿದವರು ಸುಮಾರು 3. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಕೂತವರಲ್ಲಿ 46. ಹಟ ಇದ್ದವರೇ ದುಡ್ಡು ಕಟ್ಟಿರಬಹುದು, ಇರಲಿ. ಆದರೂ ಕೈಯಿಂದ ಸ್ವಲ್ಪ ಕಾಸು ಹೋಗಿ, ಪರೀಕ್ಷೆಯ ತಾರೀಖು ಗೋಡೆ ಮೇಲಿದ್ದರೆ ಓದು ಸಾಗುತ್ತೆ ಅನ್ನುವುದು ನಮಗೆಲ್ಲ ಗೊತ್ತಿರುವ ವಿಷಯವೇ.

ಇನ್ನೊಂದು ತೊಡಕು ಭಾಷೆ. ಪಿಯುಸಿವರೆಗೆ ಕನ್ನಡದಲ್ಲಿ ಯೋಚಿಸಿದ ಹುಡುಗಿಗೆ ಇಂಗ್ಲಿಷ್ ಉಪನ್ಯಾಸ ಹತ್ತು ನಿಮಿಷದಲ್ಲೇ ತಲೆ ಮೇಲೆ ಹಾರಿಹೋಗುತ್ತೆ. ಅಂಥವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಲಿನಕ್ಸ್, ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶಗಳ ಪುಟ್ಟ ಪುಟ್ಟ ಪಾಠಗಳು, ಹಲವು ಕನ್ನಡದ ದನಿಯಲ್ಲೇ ಇವೆ. ನಾವು ಕನ್ನಡದಲ್ಲಿ ಬರೆಯುವವರು ಇದನ್ನು ನಾಲ್ಕು ಜನಕ್ಕೆ ಹೇಳಬಾರದೇ?

ಮತ್ತೆ ಕಟ್ಟೆಗೆ ಬರ್ತೀನಿ. ಅಷ್ಟು ಹೊತ್ತೂ ಸುಮ್ಮನೆ ಎಲೆ ಅಡಿಕೆ ಹಾಕುತ್ತಿದ್ದ ಭಾವ ಬಾಯಿ ಬಿಟ್ಟರು. "ನಾನು ನೀಲಿ ಚೀಟಿ ಇರೋ ಚೀಲಾನೇ ತರ್ತೀನಿ. ಹಂಗಂತ ಚೀಟಿ ಬಿತ್ತೋಕಾಗ್ತದಾ? ಒದ್ದೆ ಬಟ್ಟೇಲಿ ನೂರು ಕಾಳು ಕಟ್ಟಿಟ್ಟು ಮೊಳಕೆ ಎಣಿಸ್ತೀನಿ."

(ನೀಲಿ ಚೀಟಿ ಅಂದರೆ ಪ್ರಮಾಣಿತ ಬಿತ್ತನೆ ಬೀಜದ ಗುರುತು.) ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಎರಡು ಮಾತಲ್ಲಿ ಮುಗಿಸಿದರು!

ಕೊನೆಗೆ ಹೀಗೆ ಒಪ್ಪಂದ ಆಯ್ತು. ಆರು ಸಾವಿರದ್ದು ಬೇಡ. 'ನಾಳೆ ಸಂಜೆಯೊಳಗೆ' ಅಂತ ಅವಸರ ಮಾಡುವವರಿಗೆ ನಮ್ಮ ಕಲಿಕೆಗಿಂತ ನಮ್ಮ ದುಡ್ಡಿನ ಮೇಲೆ ಕಣ್ಣು. ಎನ್‌ಪಿಟೆಲ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಒಂದೇ ಕೋರ್ಸು, ಪರೀಕ್ಷೆ ಹುಬ್ಬಳ್ಳಿಯಲ್ಲಿ. ಶುಲ್ಕ, ಟ್ರೇನ್ ಖರ್ಚು ನನ್ನದು. ಬದಲಿಗೆ ಅವನು ಭಾವನ ಟ್ರ್ಯಾಕ್ಟರ್ ಬಾಡಿಗೆ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂ ಬರೆದು ತೋರಿಸಬೇಕು. ಸಂದರ್ಶನದಲ್ಲಿ ಆ ಇಪ್ಪತ್ತಮೂರು ಪಿಡಿಎಫ್‌ಗಿಂತ ಇದರ ಬಗ್ಗೆ ಅವನು ಹೆಚ್ಚು ಹೊತ್ತು ಮಾತಾಡಬಲ್ಲ ಅಂತ ನನ್ನ ನಂಬಿಕೆ.

ನಿಮ್ಮಲ್ಲಿ ಪಾಠ ಹೇಳುವವರಿದ್ದೀರಿ, ಕೆಲಸಕ್ಕೆ ಹುಡುಗರನ್ನು ಆರಿಸುವವರೂ ಇದ್ದೀರಿ. ರೆಸ್ಯೂಮಿನಲ್ಲಿ ನೀವು ಮೊದಲು ನೋಡುವುದು ಚೀಟಿಯನ್ನೋ, ಮೊಳಕೆಯನ್ನೋ? ಹೇಳಿ, ಹುಡುಗನಿಗೆ ಓದಿಸ್ತೀನಿ.