ಹಾಸನದ ಸೀಮೆಯಲ್ಲಿ ಇಟಲಿಯ ತಿಂಡಿ

ಕಳೆದ ವರ್ಷ ಪರೀಕ್ಷೆ ಮುಗಿದ ದಿನ ನಾವು ಐವರು ಗೆಳೆಯರು ಹಾಸನದ ಒಂದು ಪಿಜ್ಜಾ ಅಂಗಡಿಗೆ ಹೋದೆವು. ಅಂಗಡಿಯ ಹೆಸರು ಇಲ್ಲಿ ಬೇಡ. ಅವರವರ ಖರ್ಚು ಅವರವರದೇ ಎಂದು ಮೊದಲೇ ಮಾತಾಗಿತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಮೇಜಿನ ಮೇಲೆ ಬಣ್ಣಬಣ್ಣದ ದರಪಟ್ಟಿ. ಅದನ್ನು ನೋಡಿದೊಡನೆ ಅರಕಲಗೂಡಿನ ಕಡೆಯ ನಮ್ಮ ಮಿತ್ರನು, "ಯಾಕೋ ಹೊಟ್ಟೆ ಸರಿ ಇಲ್ಲ ಕಣ್ರೋ, ನೀವು ತಿನ್ನಿ" ಎಂದು ನೀರು ಕುಡಿದು ಕುಳಿತನು. ನಾವು ನಾಲ್ವರು ತಿಂದದ್ದಕ್ಕೆ ಎಂಟುನೂರು ರೂಪಾಯಿಯ ಮೇಲಾಯಿತು. ಅರ್ಧ ಗಂಟೆಯ ನಂತರ ಬಸ್ ನಿಲ್ದಾಣದ ಬಳಿಯ ಬೇಕರಿಯಲ್ಲಿ ಅದೇ ಮಿತ್ರನು ಎರಡು ಖಾರ ಬನ್ನುಗಳನ್ನು ಗಬಗಬನೆ ತಿಂದುಬಿಟ್ಟನು. ಅವನ ಹೊಟ್ಟೆನೋವು ಯಾವ ಬಗೆಯದೆಂದು ನಮಗೆ ಆಗ ತಿಳಿಯಿತು. ಯಾರೂ ಮಾತನಾಡಲಿಲ್ಲ.

ಅಂದಿನಿಂದ ನನಗೊಂದು ಹಟ ಹಿಡಿಯಿತು. ನಮ್ಮ ಸೀಮೆಯಲ್ಲಿ ಒಬ್ಬ ವಿದ್ಯಾರ್ಥಿಯ ಜೇಬಿಗೆ ನಿಲುಕುವಂತೆ, ಬಾಯಿಗೂ ಹಿತವಾಗುವಂತೆ, ಈ ಇಟಲಿಯ ತಿಂಡಿ ಎಲ್ಲಿಯಾದರೂ ಸಿಗುವುದೇ? ರಜೆಯ ದಿನಗಳಲ್ಲಿ ಹುಡುಕಿದೆನು.

"ಮುದ್ದೆ, ಅವರೆಕಾಳಿನ ಸಾರು ಬಿಟ್ಟು ಈ ಚಪಲ ನಿನಗೇಕಯ್ಯ?" ಎಂದು ನಮ್ಮ ಗುರುಗಳಲ್ಲಿ ಯಾರಾದರೂ ಕೇಳಬಹುದು. ಮುದ್ದೆಯನ್ನು ನಾನು ಬಿಟ್ಟಿಲ್ಲ. ಆದರೆ ಆ ಸಾರಿಗೆ ಹಾಕುವ ಮೆಣಸಿನಕಾಯಿಯೂ ಟೊಮ್ಯಾಟೊವೂ ಅಮೆರಿಕಾ ಖಂಡದಿಂದ ಬಂದವು. ನಮ್ಮ ಜಿಲ್ಲೆಗೆ ಹೆಸರು ತಂದ ಆಲೂಗಡ್ಡೆಯೂ ಅಲ್ಲಿಯದೇ. ಇಟಲಿಯವರಿಗೂ ಟೊಮ್ಯಾಟೊ ಹೊರಗಿನದೇ ಆಗಿತ್ತು. ತಿಂಡಿಯ ಜಾತಕ ನೋಡುತ್ತ ಕುಳಿತರೆ ಯಾರ ಎಲೆಯಲ್ಲೂ ಹೆಚ್ಚೇನೂ ಉಳಿಯಲಾರದು.

ನನ್ನ ಶೋಧನೆಯ ಫಲ ಮೊದಮೊದಲು ಶೋಚನೀಯವಾಗಿಯೇ ಇತ್ತು. ಚನ್ನರಾಯಪಟ್ಟಣವು ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿ ನಾನು ಹೊಕ್ಕ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಪಾಸ್ತಾ ಉಂಟು. ಆದರೆ ಬೆಲೆಯನ್ನು ಕಾರಿನಲ್ಲಿ ಬರುವವರಿಗಾಗಿ ಕಟ್ಟಿದಂತಿತ್ತು. ಹಿಟ್ಟಿನಂತೆ ಬೆಂದ ಪಾಸ್ತಾಕ್ಕೆ ಸಿಹಿ ಕೆಚಪ್ಪನ್ನು ಸುರಿದು, ಮೇಲೆ ಗರಂ ಮಸಾಲೆ ಉದುರಿಸಿದ್ದರು. ಅರಕಲಗೂಡಿಗೆ ರೈಲೂ ಇಲ್ಲ, ಆ ಹೆದ್ದಾರಿಯೂ ಇಲ್ಲ; ಅಲ್ಲಿ ಸಿಕ್ಕಿದ್ದು ಬನ್ನಿನ ಮೇಲೆ ಎಲೆಕೋಸು ಹರಡಿದ ಒಂದು ಪದಾರ್ಥ. ಮಸಾಲೆ ಬೆರೆಸಿದರೆಂದು ನನ್ನ ಆಕ್ಷೇಪಣೆಯಲ್ಲ. ಎರಡು ದೇಶಗಳಲ್ಲಿ ಯಾವುದರ ರುಚಿಯೂ ಇಲ್ಲದಿರುವಾಗ ಹೆಸರಿಗೆ ಮಾತ್ರ ಹಣ ಕೇಳುವುದು ನ್ಯಾಯವೇ ಎಂದು ನನ್ನ ಪ್ರಶ್ನೆ.

ಏಕೆಂದರೆ ಈ ತಿಂಡಿಗಳು ಸ್ವದೇಶದಲ್ಲಿ ಸಿರಿವಂತರ ಭೋಜನವಾಗಿ ಹುಟ್ಟಿದವಲ್ಲ. ಪಿಜ್ಜಾ ನೇಪಲ್ಸ್ ನಗರದ ಕೂಲಿಕಾರರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ರೊಟ್ಟಿ. ಆ ರೊಟ್ಟಿ ಮಾಡುವ ಕುಶಲತೆಯನ್ನೇ ಯುನೆಸ್ಕೋ ಸಂಸ್ಥೆಯು 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರ ಇಟಲಿಯ ಬಡ ರೈತರು ಶತಮಾನಗಳ ಕಾಲ ಉಂಡದ್ದು ಪೊಲೆಂಟ. ಮುಸುಕಿನ ಜೋಳದ ಹಿಟ್ಟನ್ನು ಕುದಿವ ನೀರಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡುವುದು. ನಮ್ಮ ಮನೆಯ ಮುದ್ದೆಕೋಲನ್ನು ಕೊಟ್ಟರೆ ಅವರು ಬೇಡವೆನ್ನಲಾರರು! ಇನ್ನು ನ್ಯೋಕ್ಕಿ ಎಂಬುದೊಂದಿದೆ: ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ, ಹಿಟ್ಟು ಸೇರಿಸಿ, ಸಣ್ಣ ಉಂಡೆ ಕಟ್ಟಿ ನೀರಿನಲ್ಲಿ ಬೇಯಿಸುವುದು. ಹಾಸನದಲ್ಲಿ ಆಲೂಗಡ್ಡೆಗೆ ಬರವಿಲ್ಲ. ಆದರೂ ಅದನ್ನು ಮಾಡುವ ಒಂದು ಹೋಟೆಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಇದನ್ನು ನಮಗೆ ಒದಗಿಸಬಲ್ಲವರು ಯಾರು? ನನ್ನ ಅಲ್ಪಮತಿಗೆ ತೋರುವಂತೆ, ಗಾಜಿನ ಬಾಗಿಲಿನವರಲ್ಲ; ನಮ್ಮ ಅಯ್ಯಂಗಾರ್ ಬೇಕರಿಯವರು. ಈ ಬೇಕರಿಗಳ ತವರು ನಮ್ಮ ಜಿಲ್ಲೆಯೇ ಎಂಬುದನ್ನು ನಾವು ಮರೆತಿದ್ದೇವೆ. 1898ರಲ್ಲಿ ಬೆಂಗಳೂರಿನಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಆರಂಭಿಸಿದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯಿಂದ ಹೋದವರು. ಅವರ ಹಿಂದೆ ಇಲ್ಲಿನ ಹಳ್ಳಿಗಳಿಂದ ಎಷ್ಟೋ ಮನೆತನಗಳವರು ಹೋಗಿ ನಾಡಿನ ತುಂಬ ಒಲೆ ಹೂಡಿದರು. ಮ್ಲೇಚ್ಛರ ರೊಟ್ಟಿಯೆಂದು ಹಿಂದೆ ಹಲವರು ದೂರವಿಟ್ಟ ಬ್ರೆಡ್ಡನ್ನು ಮಡಿವಂತರ ಮನೆಯೊಳಗೂ ಕೊಂಡೊಯ್ದವರು ಇವರು. ಮೈದಾ, ಈಸ್ಟ್, ಉಪ್ಪು, ನೀರು: ಪಿಜ್ಜಾದ ಹಿಟ್ಟಿಗೆ ಬೇಕಾದದ್ದು ಇಷ್ಟೇ. ಕಾದ ಒಲೆಯೂ ಅವರಲ್ಲಿದೆ. ಬೆಳ್ಳುಳ್ಳಿಯೆಂದರೆ ಕೆಲವರು ಹಿಂಜರಿಯಬಹುದು. ಆದರೆ ಮಾರ್ಗರೀಟ ಎಂಬ ಹೆಸರಾಂತ ಬಗೆಗೆ ಬೆಳ್ಳುಳ್ಳಿ ಬೇಕೇ ಬೇಕೆಂದೇನಿಲ್ಲ. ಟೊಮ್ಯಾಟೊ, ಚೀಸು, ನಾಲ್ಕು ಎಲೆ ಬೇಸಿಲ್ ಸಾಕು. ಬೇಸಿಲ್ ಎಂದರೆ ಗಾಬರಿ ಬೇಡ, ಅದು ನಮ್ಮ ಕಾಮಕಸ್ತೂರಿ. ಚೀಸನ್ನು ನಂದಿನಿಯವರೇ ಮಾರುತ್ತಾರೆ.

ಇದು ಬರಿಯ ಕಲ್ಪನೆಯಲ್ಲ. ಹೊಳೆನರಸೀಪುರದ ಒಂದು ಬೇಕರಿಯಲ್ಲಿ ನನ್ನ ಈ ವಾದವನ್ನೆಲ್ಲ ಒಲೆಯ ಮುಂದಿದ್ದ ಹಿರಿಯರೊಬ್ಬರ ಎದುರು ಬಿಚ್ಚಿದೆನು. ಅವರು ನಕ್ಕು, "ಬ್ರೆಡ್ ಇಳಿದ ಮೇಲೆ ಬನ್ನಿ ಸ್ವಾಮಿ, ನೋಡೋಣ" ಎಂದರು. ನಾಲ್ಕು ಗಂಟೆಗೆ ಹೋದೆನು. ಬನ್ನಿನ ಹಿಟ್ಟನ್ನೇ ತೆಳುವಾಗಿ ತಟ್ಟಿ, ಸಣ್ಣಗೆ ಹೆಚ್ಚಿದ ಟೊಮ್ಯಾಟೊವನ್ನು ಉಪ್ಪಿನೊಡನೆ ಬೇಯಿಸಿ ಹರಡಿ, ಚೀಸು ತುರಿದು ಒಲೆಗೆ ಹಾಕಿದ್ದರು. ಹಸಿಮೆಣಸಿನಕಾಯಿ ಬೇಡವೆಂದರೂ ಕೇಳಲಿಲ್ಲ. ಅಂಚು ಗರಿಗರಿಯಾಗಿ, ನಡುವೆ ಮೃದುವಾಗಿ, ಬಿಸಿಬಿಸಿಯಾಗಿ ಬಂದಿತು. ತಟ್ಟೆಯಗಲದ ಒಂದಕ್ಕೆ ಎಂಬತ್ತು ರೂಪಾಯಿ ಸಾಕೆಂದರು.

ಹುಡುಕುವ ಸಹಪಾಠಿಗಳಿಗೆ ಎರಡು ಮಾತು. ಹಿಟ್ಟನ್ನು ಅಲ್ಲಿಯೇ ನಾದುತ್ತಾರೆಯೇ, ಪೊಟ್ಟಣದಲ್ಲಿ ಬಂದ ರೊಟ್ಟಿಯೇ ಎಂದು ಸಂಕೋಚವಿಲ್ಲದೆ ಕೇಳಿ. ಬಿಲ್ಲನ್ನೂ ಓದಿ: ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಅಂಗಡಿಯವರು ಗಿರಾಕಿಯಿಂದ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ.

ಮುಂದಿನ ಶನಿವಾರ ಐವರೂ ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋದೆವು. ಎರಡು ಪಿಜ್ಜಾ, ಐದು ಕಾಫಿ. ಅರಕಲಗೂಡಿನ ಮಿತ್ರನು ಮೂರು ತುಂಡು ತಿಂದನು. ಹಣ ಕೊಡಲು ನಾವು ಏಳುವಷ್ಟರಲ್ಲಿ ಗಲ್ಲಾದ ಮುಂದೆ ಅವನೇ ನಿಂತಿದ್ದನು.