ಪೊಟ್ಟಣಕ್ಕೆ ಹೋಗುವ ಭತ್ತದ ಚೀಲ



ಸಾಲದ ಮಾತು ಬಂದರೆ ನಾವು ಗೊಬ್ಬರದ ಸಾಲ, ಟ್ರ್ಯಾಕ್ಟರ್ ಸಾಲ, ಮದುವೆ ಸಾಲ ಅಂತ ಎಣಿಸುತ್ತೇವೆ. ಕಿರಾಣಿ ಅಂಗಡಿಯ ಕೆಂಪು ಪುಸ್ತಕದಲ್ಲಿ ಐದೈದು ರೂಪಾಯಿ ಬರೆಸಿಕೊಂಡು ಬರುವುದನ್ನು ಯಾರೂ ಸಾಲ ಅನ್ನುವುದಿಲ್ಲ. ಇವತ್ತು ಅದರದೇ ಲೆಕ್ಕ ಹಾಕೋಣ. ಬಟ್ಟೆ ಒಗೆಯುವ ಪೌಡರು ದಿನಕ್ಕೊಂದು ಪೊಟ್ಟಣ, ಐದು ರೂಪಾಯಿ. ವರ್ಷಕ್ಕೆ 1,825 ರೂಪಾಯಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಮ್ಮ ಕಡೆಯ 75 ಕೆಜಿ ಚೀಲಕ್ಕೆ ಅದು 1,777 ರೂಪಾಯಿ ಆಗುತ್ತದೆ. ಅಂದರೆ ಒಂದು ಚೀಲ ಭತ್ತ ಪೂರ್ತಿ ಕೊಟ್ಟರೂ ವರ್ಷದ ಪೌಡರಿನ ಬಾಕಿ ತೀರುವುದಿಲ್ಲ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ! ಸುಗ್ಗಿಯಲ್ಲಿ ದಲಾಲಿ ಅಂಗಡಿ ಮುಂದೆ ನಿಂತವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಬಾರ್ ಸೋಪು, ನೀಲಿ, ಇತ್ತೀಚೆಗೆ ಬಂದ ವಾಸನೆ ನೀರು, ಇವೆಲ್ಲ ಬೇರೆ.

ಆ 1,825ರಲ್ಲಿ ಜಿಎಸ್‌ಟಿ ಪಾಲೇ 278 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಮೈಗೆ ಹಚ್ಚುವ ಸೋಪಿಗೆ ತೆರಿಗೆಯನ್ನು ಶೇ. 18ರಿಂದ 5ಕ್ಕೆ ಇಳಿಸಿದರು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು. ಬಟ್ಟೆ ಪೌಡರಿಗೆ 18 ಹಾಗೇ ಕೂತಿದೆ. ಕೆಸರಲ್ಲಿ ನಾಟಿ ಮಾಡಿ ಬಂದವಳ ಸೀರೆಗೆ ದಿನಾ ಪೌಡರು ಬೇಕು. ಏಸಿ ರೂಮಿನಲ್ಲಿ ಕೂತವರ ಅಂಗಿಗೆ ಎಷ್ಟು ಬೇಕು? ತೆರಿಗೆ ಮಾತ್ರ ಇಬ್ಬರಿಗೂ ಒಂದೇ.

ಸಿರಿಗೇರಿ ಸೀಮೆಯವರಾದ ನಮಗೆ ಇದರಲ್ಲಿ ಇನ್ನೊಂದು ಸಂಕಟ ಐತಿ. ಬಟ್ಟೆ ಒಗೆಯುವ ಸೋಡಾ ನಮ್ಮ ಕಾಲ ಕೆಳಗೇ ಇದ್ದ ವಸ್ತು. ಹಿಂದೆ ಮಡಿವಾಳರು ಸವಳು ಮಣ್ಣನ್ನು ಕೆರೆದು ತಂದು, ನೀರಲ್ಲಿ ಕದಡಿ, ತಿಳಿ ತೆಗೆದು, ಅದರಲ್ಲಿ ಬಟ್ಟೆ ಅದ್ದಿ ಹಿಂಡಿ, ಬಾನಿಯ ಮೇಲೆ ಹೇರಿ ಕೆಳಗೆ ಉರಿ ಹಾಕುತ್ತಿದ್ದರು. ಇದೇ ಉಬ್ಬೆ. ಹಬೆಯಲ್ಲಿ ಬೆಂದ ಬಟ್ಟೆಯನ್ನು ಹಳ್ಳದ ಕಲ್ಲಿಗೆ ಬಡಿದರೆ ಹಾಲಿನಂಗೆ ಬರುತ್ತಿತ್ತು. ಅದು ಪುರಾಣ ಅಲ್ಲ, ರಸಾಯನ ಶಾಸ್ತ್ರ. ಕೆಲವು ಜಾತಿಯ ಸವಳಿನಲ್ಲಿ ಉಪ್ಪಿನ ಜೊತೆ ಸೋಡಾ ಇರುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಅದನ್ನು ಕಂಡುಹಿಡಿದವರಿಗೆ ನಾವು ಕೊಟ್ಟ ಕೂಲಿ ಏನು? ಸುಗ್ಗಿಗೆ ಒಂದಿಷ್ಟು ಕಾಳು, ಹಬ್ಬಕ್ಕೆ ಒಂದಿಷ್ಟು ಅನ್ನ. ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಬರೆಯುತ್ತಿಲ್ಲ.

1953ರ ನಂತರ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಎರೆ ಹೊಲಕ್ಕೆ ಹಗಲಿರುಳು ನೀರು ಕಟ್ಟಿದೆವು, ಬಸಿಗಾಲುವೆ ಕಡೆ ಯಾರೂ ನೋಡಲಿಲ್ಲ. ತಗ್ಗಿನ ಹೊಲಗಳು ಜವಳು ಹಿಡಿದವು, ಬಿಳಿ ಉಪ್ಪು ಮೇಲೆದ್ದಿತು. ಸವಳು ಹೆಚ್ಚಾಯಿತು, ಸೋಡಾ ಮಾತ್ರ ಪೇಟೆಯಿಂದ ಬರುವ ಸರಕಾಯಿತು. ಹೊಲ ಹಾಳು ಮಾಡುವ ಸೋಡಾ ನಮಗೆ ಪುಕ್ಕಟೆ, ಬಟ್ಟೆ ತೊಳೆಯುವ ಸೋಡಾಕ್ಕೆ ದುಡ್ಡು!

ಪೌಡರು ಮಾಡುವುದು ದೊಡ್ಡ ವಿದ್ಯೆ ಅಂತ ಹೆದರಬೇಡಿ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಅನ್ನುವ ಸರ್ಕಾರಿ ನೌಕರ ಮನೆ ಹಿತ್ತಲಲ್ಲಿ ಕಲಸಿ, ಸೈಕಲ್ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದ. ಅದೇ ನಿರ್ಮಾ. ದೊಡ್ಡ ಕಂಪನಿಯ ಪೌಡರು ಕೊಳ್ಳಲಾಗದ ಮನೆಗಳು ಅವನನ್ನು ಬೆಳೆಸಿದವು. ಹಿತ್ತಲಲ್ಲಿ ಆಗುವ ಕೆಲಸ ಅಂತ ಅವತ್ತೇ ಗೊತ್ತಾಯಿತು. ನಾವು ಕಲಿತದ್ದೇನು? ರೇಡಿಯೋದಲ್ಲಿ ಅದರ ಹಾಡು ಕಲಿತೆವು.

ಬೆಲೆಯ ಜುಟ್ಟು ಎಲ್ಲಿದೆ ನೋಡಿ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಆ ವರ್ಷ ಇಲ್ಲಿ ಸೋಪಿನ ಬೆಲೆ ಏರಿತು, ಎಷ್ಟೋ ಪೊಟ್ಟಣಗಳಲ್ಲಿ ಬೆಲೆ ಅದೇ ಇದ್ದು ಒಳಗಿನ ತೂಕ ಇಳಿಯಿತು. ನಮ್ಮ ಹೊಂಗೆ ಬೀಜ, ಬೇವಿನ ಬೀಜ ಮರದ ಬುಡದಲ್ಲೇ ಕೊಳೆತವು. ಸಿರುಗುಪ್ಪದ ಮಿಲ್ಲುಗಳ ತೌಡಿನ ಎಣ್ಣೆಯೂ ಸೋಪಿಗೆ ಬರುತ್ತದೆ. ಭತ್ತ ನಮ್ಮದು, ತೌಡು ಇನ್ನೊಬ್ಬರದು.

ಈಗ ಹೊಸದೊಂದು ಶುರುವಾಗಿದೆ. ಮಹಿಳಾ ಸಂಘಗಳಿಗೆ ‘ಸ್ವಉದ್ಯೋಗ’ ಅಂತ ಪೌಡರು, ಫಿನಾಯಿಲು ಮಾಡುವ ತರಬೇತಿ. ಮೂರು ದಿನ ಕಲಿಸಿ, ಒಂದು ಸರ್ಟಿಫಿಕೇಟ್ ಕೊಟ್ಟು, ಹಿಂದೆಯೇ ಸಾಲ ಕೊಡಿಸುತ್ತಾರೆ. ಆಸಿಡ್ ಸ್ಲರಿ, ಬಣ್ಣ, ಸೆಂಟು ಎಲ್ಲ ಪೇಟೆಯಿಂದಲೇ ತರಬೇಕು. ಹತ್ತು ಮನೆಯವರು ಮಾಡಿ ಅದೇ ಹತ್ತು ಮನೆಗೆ ಮಾರಬೇಕು. ಟಿವಿಯಲ್ಲಿ ದಿನಾ ಕುಣಿಯುವ ಪೌಡರಿನ ಎದುರು ಇದು ನಿಲ್ಲುತ್ತದೆಯೇ? ಡಬ್ಬಿ ಮೂಲೆಗೆ ಬೀಳುತ್ತದೆ, ವಾರದ ಕಂತು ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಂತಿನವರ ಕಾಟ ತಾಳಲಾರದೆ ಜನ ಊರು ಬಿಟ್ಟರು, ಜೀವ ಬಿಟ್ಟರು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದಕ್ಕೆಂದೇ ಸುಗ್ರೀವಾಜ್ಞೆ ತರಬೇಕಾಯಿತು. ಆದ್ದರಿಂದ ತಾಯಂದಿರೇ, ನನ್ನ ಮಾತು ಇಷ್ಟೇ: ನಿಮ್ಮ ಮನೆ ಬಟ್ಟೆಗೆ ಮಾಡಿಕೊಳ್ಳಿ, ಮಾರಲಿಕ್ಕೆ ಸಾಲ ತರಬೇಡಿ. ಉಳಿಸಿದ ರೂಪಾಯಿಗೆ ಬಡ್ಡಿ ಇಲ್ಲ.

ಮಾಡುವುದು ಹೀಗೆ. ಯಾವುದೇ ಸಾದಾ ಬಾರ್ ಸೋಪು 250 ಗ್ರಾಂ, ಕೊಬ್ಬರಿ ತುರಿದಂಗೆ ತುರಿಯಿರಿ. ಒಂದು ಲೀಟರ್ ನೀರಲ್ಲಿ ಸಣ್ಣ ಉರಿಗೆ ಕರಗಿಸಿ. ಇಳಿಸಿ, 100 ಗ್ರಾಂ ಬಟ್ಟೆ ಸೋಡಾ ಹಾಕಿ ಕದಡಿ. ಅಡುಗೆ ಸೋಡಾ ಅಲ್ಲ, ಅದು ಬೇರೆ. ಕಾಸ್ಟಿಕ್ ಸೋಡಾವಂತೂ ಮನೆಯೊಳಗೆ ತರಲೇಬೇಡಿ, ಚರ್ಮ ಸುಡುತ್ತದೆ, ಕೂಸಿನ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಆಮೇಲೆ ಇನ್ನೂ ನಾಲ್ಕು ಲೀಟರ್ ನೀರು ಸೇರಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಗಂಜಿಯಂತೆ ಆಗಿರುತ್ತದೆ. ಬಕೆಟ್ಟಿಗೆ ಒಂದು ಸಣ್ಣ ಲೋಟ ಸಾಕು, 25 ಸಲಕ್ಕೆ ಬರುತ್ತದೆ. ಸೋಪಿಗೆ 30, ಸೋಡಾಕ್ಕೆ 10 ಅಂತ ಜಾಸ್ತಿಯೇ ಹಿಡಿಯಿರಿ, 40 ರೂಪಾಯಿ. 25 ಪೊಟ್ಟಣಕ್ಕೆ 125. ವರ್ಷದ ಮೇಲೆ 1,241 ರೂಪಾಯಿ ಮನೆಯಲ್ಲೇ ಉಳಿಯುತ್ತದೆ.

ನೊರೆ ಕಡಿಮೆ ಬರುತ್ತದೆ ಅಂತ ದೂರುತ್ತೀರಿ. ನೊರೆ ನೋಡಿ ಮೋಸ ಹೋಗಬೇಡಿ, ಕೊಳೆ ಬಿಟ್ಟಿತೇ ಅಂತ ನೀರು ನೋಡಿ. ಬೋರಿನ ಗಡಸು ನೀರಾದರೆ ಸೋಪು ಒಡೆದು ಜಿಗುಟು ಕಟ್ಟುತ್ತದೆ. ಅದಕ್ಕೆ ಮೊದಲು ಬಕೆಟ್ಟಿಗೆ ಒಂದು ಚಮಚ ಸೋಡಾ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸೋಪಿನ ಗಂಜಿ ಹಾಕಿ. ರೇಷ್ಮೆ, ಉಣ್ಣೆಗೆ ಸೋಡಾ ಆಗದು. ಅವಕ್ಕೆ ಸಂತೆಯಲ್ಲಿ ಸಿಗುವ ಅಂಟುವಾಳ ಕಾಯಿ ಹತ್ತು ತಂದು, ಬೀಜ ತೆಗೆದು, ರಾತ್ರಿ ನೆನೆಸಿ ಕುದಿಸಿ ಸೋಸಿಕೊಳ್ಳಿ. ಹೊಲದ ಹೆಂಟೆ ಮೆತ್ತಿದ ಧೋತರ, ಗೋಣಿ ತಟ್ಟಿಗೆ ಅದೂ ಬೇಡ. ಹತ್ತಿ ಕಟ್ಟಿಗೆಯ ಬೂದಿ ನೀರಲ್ಲಿ ಕದಡಿ, ಮಾರನೇ ದಿನ ಮೇಲಿನ ತಿಳಿಯಲ್ಲಿ ನೆನೆಹಾಕಿದರೆ ಮುಗಿಯಿತು. ಆ ತಿಳಿಗೂ ಕೈ ಉರಿಯುತ್ತದೆ, ಕೋಲಿನಿಂದ ತಿರುವಿ. ಒಗೆದ ಸೋಡಾ ನೀರನ್ನು ಸವಳು ಹಿಡಿದ ಹೊಲಕ್ಕೆ ಬಿಡಬೇಡಿ, ಈಗಿರುವುದೇ ಸಾಕು.

ಗಂಡಸರೇ, ಇದನ್ನು ಓದಿ ಎದ್ದು ಹೋಗಿ ‘ನಾಳೆಯಿಂದ ಮನೆಯಲ್ಲೇ ಮಾಡು’ ಅಂತ ಹೆಂಡತಿಗೆ ಹುಕುಂ ಕೊಡಬೇಡಿ. ಒಗೆಯೋದು ಆಕೆ, ಕುದಿಸೋದೂ ಆಕೆಯೇ ಆದರೆ ಐದು ರೂಪಾಯಿ ಉಳಿಸಿದ್ದು ಆಕೆಯ ಬೆನ್ನಿಂದ. ತಿಂಗಳಿಗೊಂದು ಸಂಜೆಯ ಕೆಲಸ ಇದು, ತುರಿಯೋದು, ಕದಡೋದು ನೀವೇ ಮಾಡಿ. ಕಟ್ಟೆ ಮೇಲಿನ ಇಸ್ಪೀಟು ಎಲ್ಲೂ ಓಡಿ ಹೋಗುವುದಿಲ್ಲ.

‘ಸೋಡಾನೂ ಕಂಪನಿಯದೇ ಅಲ್ಲೇನ್ರೀ?’ ಅಂತ ಕೇಳುವವರಿದ್ದಾರೆ. ಹೌದು, ಗುಜರಾತಿನ ಕಡಲ ದಂಡೆಯ ಕಾರ್ಖಾನೆಗಳಲ್ಲಿ ಉಪ್ಪು, ಸುಣ್ಣದ ಕಲ್ಲಿನಿಂದ ಆಗಿ ಬರುತ್ತದೆ. ಆದರೆ ಸೋಡಾಕ್ಕೆ ಸಿನಿಮಾ ತಾರೆ ಇಲ್ಲ, ಬಣ್ಣದ ಪೊಟ್ಟಣ ಇಲ್ಲ. ಅದು ಗೊಬ್ಬರದಂತೆ 50 ಕೆಜಿ ಚೀಲದಲ್ಲಿ ಬರುತ್ತದೆ. ಒಬ್ಬರೇ ಕಾಲು ಕೆಜಿ ಕೊಂಡರೆ ಅಂಗಡಿಯವನ ಬೆಲೆ, ಇಪ್ಪತ್ತು ಮನೆ ಸೇರಿ ಚೀಲ ತಂದರೆ ಸಗಟು ಬೆಲೆ. ಮುಂದಿನ ಸಲ ಯೂರಿಯಾಕ್ಕೆ ಸಿರುಗುಪ್ಪಕ್ಕೆ ಟ್ರ್ಯಾಕ್ಟರ್ ಹೋಗುವಾಗ ಓಣಿಯವರ ಹತ್ತಿರ ದುಡ್ಡು ಕೂಡಿಸಿ ಒಂದು ಚೀಲ ಸೋಡಾ ಹಾಕಿಸಿಕೊಂಡು ಬನ್ನಿ. ತಕ್ಕಡಿ ಇಟ್ಟು ಎಲ್ಲರೆದುರೇ ಹಂಚಿ, ಸಾಲ ಬರೆಯಬೇಡಿ.