ಬುತ್ತಿ ಕಟ್ಟಿಕೊಂಡು ಹೊರಡುವ ಪ್ರೋಗ್ರಾಂ

ಪ್ರೋಗ್ರಾಂ ಒಂದೇ ಇದ್ದರೆ ಸಾಲದು. ಅದು ಬಳಸುವ ಚಿತ್ರ, ಫಾಂಟ್, ಪಠ್ಯದ ಕಡತಗಳೂ ಜೊತೆಗಿರಬೇಕು. ಪುಣೆಯ ನಮ್ಮ ಗೆಳೆಯರೊಬ್ಬರು ರಾಜ್ಯೋತ್ಸವದ ರಸಪ್ರಶ್ನೆಗೆಂದು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದರು. ಪೆನ್‌ಡ್ರೈವ್‌ನಲ್ಲಿ ಪ್ರೋಗ್ರಾಂ ಬಂತು, ಪ್ರಶ್ನೆಗಳ ಕಡತ ಮನೆಯಲ್ಲೇ ಉಳಿಯಿತು. ಮಕ್ಕಳು ಅರ್ಧ ಗಂಟೆ ಕಾದರು. ಇಂಥ ಪೇಚಿಗೆ ಹಳೆಯ ಮದ್ದೊಂದಿದೆ: ಕಡತವನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟುಬಿಡುವುದು.

ವಿಮ್ ಎಡಿಟರ್ ಜೊತೆಗೆ ಬರುವ ಎಕ್ಸ್‌ಎಕ್ಸ್‌ಡಿ ಎಂಬ ಪುಟ್ಟ ಉಪಕರಣ ಈ ಕೆಲಸ ಮಾಡುತ್ತದೆ. ಟರ್ಮಿನಲ್‌ನಲ್ಲಿ ಅದರ ಹೆಸರು, ಒಂದು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಸಣ್ಣ ಐ, ಆಮೇಲೆ ಕಡತದ ಹೆಸರು ಬರೆಯಿರಿ. ಅದು ಒಂದೊಂದು ಬೈಟನ್ನೂ ಸಂಖ್ಯೆಯಾಗಿಸಿ ಸಿ ಭಾಷೆಯ ಅರೇ ಮಾಡಿಕೊಡುತ್ತದೆ. ಕೊನೆಯಲ್ಲಿ ಒಟ್ಟು ಉದ್ದವನ್ನೂ ಹೇಳುತ್ತದೆ. ಅದನ್ನು ಹೆಡರ್ ಕಡತವಾಗಿ ಉಳಿಸಿ, ನಿಮ್ಮ ಪ್ರೋಗ್ರಾಮಿಗೆ ಇನ್‌ಕ್ಲೂಡ್ ಮಾಡಿದರೆ ಆಯಿತು.

ಕನ್ನಡ ಬಳಸುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟು: ಇ0, ಬಿ2, 95. ಕಂಪೈಲರ್‌ಗೆ ಕಾಣುವುದು ಬರೀ ಸಂಖ್ಯೆ. ಹಾಗಾಗಿ ನಡುವೆ ಅಕ್ಷರ ಕೆಡುವ ಭಯವಿಲ್ಲ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಈ ಅರೇಯ ಕೊನೆಗೆ ಸೊನ್ನೆ ಬೈಟು ತಾನಾಗಿ ಸೇರುವುದಿಲ್ಲ. ಸ್ಟ್ರಿಂಗ್ ಎಂದುಕೊಂಡು ಓದಿದರೆ ಪ್ರೋಗ್ರಾಂ ಗಡಿ ದಾಟುತ್ತದೆ. ಕೊಟ್ಟಿರುವ ಉದ್ದವನ್ನೇ ನಂಬಿ. ಒಂದು ಬೈಟು ಬರೆಯಲು ಸುಮಾರು ಆರು ಅಕ್ಷರ ಬೇಕಾಗುವುದರಿಂದ ಮೂಲ ಕೋಡ್ ಆರು ಪಟ್ಟು ಊದುತ್ತದೆ. ಅಂತಿಮ ಪ್ರೋಗ್ರಾಂ ಅಷ್ಟು ಊದುವುದಿಲ್ಲ, ಆದರೆ ದೊಡ್ಡ ಕಡತವಾದರೆ ಕಂಪೈಲರ್ ಏದುಸಿರು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ಪಾಸ್‌ವರ್ಡನ್ನು ಹೀಗೆ ಅಡಗಿಸಲು ಹೋಗಬೇಡಿ. ಸಂಖ್ಯೆಯಾದ ಮಾತ್ರಕ್ಕೆ ಅದು ಗುಟ್ಟಲ್ಲ. ಪ್ರೋಗ್ರಾಂ ಕೈಗೆ ಸಿಕ್ಕ ಯಾರು ಬೇಕಾದರೂ ಹೊರತೆಗೆಯಬಹುದು. ಫಾಂಟ್ ಸೇರಿಸುವಾಗ ಪರವಾನಗಿ ನೋಡಿಕೊಳ್ಳಿ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್‌ಗಳನ್ನು ತಂತ್ರಾಂಶದ ಜೊತೆ ಹಂಚಲು ಅನುಮತಿಯಿದೆ.

ಈಗ ಭಾಷೆಗಳೇ ಈ ಹೊಣೆ ಹೊತ್ತಿವೆ. 2021ರಲ್ಲಿ ಗೋ 1.16 ಆವೃತ್ತಿಗೆ ಎಂಬೆಡ್ ಸೌಲಭ್ಯ ಬಂತು; ಸಿ23 ಮಾನಕದಲ್ಲೂ ಅದೇ ಹೆಸರಿನ ನಿರ್ದೇಶನವಿದೆ. ಆದರೆ ಹಳೆಯ ಕಂಪೈಲರ್‌ಗಳಿಗೆ ಇಂದಿಗೂ ಎಕ್ಸ್‌ಎಕ್ಸ್‌ಡಿಯೇ ಆಪದ್ಬಾಂಧವ.

ಏನನ್ನು ಒಳಗಿಡಬೇಕು? ನನ್ನ ಲೆಕ್ಕ ಸರಳ: ಬದಲಾಗದ್ದು ಒಳಗಿರಲಿ, ಆಗಾಗ ತಿದ್ದುವುದು ಹೊರಗಿರಲಿ. ಒಳಗಿಟ್ಟದ್ದರಲ್ಲಿ ಒಂದಕ್ಷರ ತಿದ್ದಿದರೂ ಮತ್ತೆ ಕಂಪೈಲ್ ಮಾಡಲೇಬೇಕು.